ಯಾರಿಗೂ ಬೇಡವಾದ ಉಣ್ಣೆ

ಕುರಿಯ ಹೊಟ್ಟೆ, ಕಾಲು, ಬಾಲದ ಹತ್ತಿರದ ಉಣ್ಣೆಯನ್ನು ಯಾವತ್ತಾದರೂ ಕೈಯಲ್ಲಿ ಹಿಡಿದಿದ್ದೀರಾ? ಗಂಟು ಗಂಟು. ಮಧ್ಯೆ ಒಣಗಿದ ಹಿಕ್ಕೆ, ಮುಳ್ಳು. ಬೆರಳಿಗೆಲ್ಲ ಜಿಡ್ಡು. ಇದರಲ್ಲಿ ಸ್ವೆಟರ್ ಆಗೋದಿಲ್ಲ. ಹಾಗಂತ ಕತ್ತರಿಸದೆ ಬಿಡೋಕೂ ಆಗೋದಿಲ್ಲ, ಕುರಿಗೇ ಕಷ್ಟ. ಕತ್ತರಿಸುವ ಕೂಲಿಯೂ ಹುಟ್ಟದಿದ್ದಾಗ ಎಷ್ಟೋ ಸಾಕಣೆದಾರರು ಅದನ್ನು ಸುಡುತ್ತಾರೆ, ಇಲ್ಲವೇ ಹೂಳುತ್ತಾರೆ.

ನಾನು ಇಂಥದ್ದನ್ನೇ ಕೇಳಿ ತರುತ್ತೇನೆ. ತೊಳೆಯುವುದಿಲ್ಲ. ಸಣ್ಣಗೆ ಕತ್ತರಿಸಿ ಕುಂಡದ ಮಣ್ಣಿಗೆ ಬೆರೆಸುತ್ತೇನೆ, ಅಷ್ಟೇ. ಉಣ್ಣೆ ಅಂದರೆ ನಮ್ಮ ಕೂದಲಿನಂತೆಯೇ ಕೆರಾಟಿನ್ ಎಂಬ ಪ್ರೋಟೀನ್. ಅದರಲ್ಲಿ ಸಾರಜನಕವೂ ಗಂಧಕವೂ ಇವೆ. ನಿಧಾನವಾಗಿ ಕೊಳೆಯುವುದರಿಂದ ಗಿಡಕ್ಕೆ ತಿಂಗಳುಗಟ್ಟಲೆ ಗೊಬ್ಬರ ಸಿಗುತ್ತಲೇ ಇರುತ್ತದೆ. ನೀರನ್ನೂ ಹಿಡಿದಿಡುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30% ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸೋದಿಲ್ಲ! ಇದನ್ನೇ ಯಂತ್ರದಲ್ಲಿ ಒತ್ತಿ ಗುಳಿಗೆ ಮಾಡಿ ಮಾರುವವರಿದ್ದಾರೆ. ಬಸವನಹುಳು ಹತ್ತಿರ ಬರೋಲ್ಲ ಅಂತಲೂ ಹೇಳುತ್ತಾರೆ, ನನಗಂತೂ ಆ ಮಾತಿನ ಮೇಲೆ ಅಷ್ಟು ನಂಬಿಕೆಯಿಲ್ಲ.

ಸ್ವಲ್ಪ ಚೊಕ್ಕ ಉಣ್ಣೆಯಾದರೆ ಬಿಸಿನೀರು, ಸೋಪು ಹಾಕಿ ಉಜ್ಜಿ ಫೆಲ್ಟ್, ಅಂದರೆ ನೇಯದೆಯೇ ಎಳೆಗಳು ಒತ್ತಾಗಿ ಹೆಣೆದುಕೊಂಡ ದಪ್ಪ ಬಟ್ಟೆ, ಮಾಡಬಹುದು. ಗೋಡೆಯೊಳಗಿನ ಶಾಖ ತಡೆಗೆ, ಪಾರ್ಸೆಲ್ ಡಬ್ಬಿಯಲ್ಲಿ ಥರ್ಮೊಕೋಲ್ ಬದಲಿಗೆ ಬಳಸುವುದೂ ಇದೆ.

ಒಂದು ಮಾತು. ಹೇಗೂ ಕಸ, ಸುಮ್ನೆ ಕೊಡಿ ಅಂತ ಕೇಳಬೇಡಿ. ಕತ್ತರಿಸಿದ್ದಕ್ಕಾದರೂ ಕೂಲಿ ಕೊಡಬೇಕು ಅಲ್ವಾ? ತಂದ ಮೇಲೆ ಚೀಲದ ಬಾಯಿ ಬಿಗಿಯಾಗಿ ಕಟ್ಟಿಡಿ. ನುಸಿ ಹತ್ತಿದರೆ ಮನೆಯ ಕಂಬಳಿಗಳಿಗೂ ಹರಡುತ್ತದೆ.