ಮುಂದಿನ ಗಾಲಿಯ ಕರಿ ಪುಡಿ

ಬೆಳಿಗ್ಗೆ ಕಾರು ತೊಳೆಯುತ್ತಿದ್ದೆ. ಹಿಂದಿನ ಗಾಲಿ ಬೇಗ ಹೊಳೆಯಿತು. ಮುಂದಿನದಕ್ಕೆ ಬೆರಳಿಟ್ಟರೆ ಕಾಡಿಗೆಯಂಥ ಪುಡಿ, ಅಲ್ಲಲ್ಲಿ ಕೆಂಪು ಚುಕ್ಕೆ. ಬರೀ ಮಣ್ಣಲ್ಲ ಅದು. ಬ್ರೇಕ್ ಒತ್ತಿದಾಗೆಲ್ಲ ಪ್ಯಾಡು ಎಂಬ ಬಿಲ್ಲೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ಡಿಸ್ಕಿಗೆ ಉಜ್ಜುತ್ತದೆ, ಎರಡೂ ಸವೆಯುತ್ತವೆ. ಆ ಬಿಸಿ ಪುಡಿ ಗಾಲಿಗೆ ಅಂಟುತ್ತದೆ, ನೀರು ತಾಗಿದರೆ ತುಕ್ಕು ಹಿಡಿಯುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದಲ್ಲ, ಅದಕ್ಕೇ ಮುಂದೆ ಜಾಸ್ತಿ. ಹಿಂದೆ ಇರುವುದು ಡ್ರಮ್ ಬ್ರೇಕ್, ಮುಚ್ಚಿದ ಡಬ್ಬಿಯಂಥದ್ದು, ಪುಡಿ ಬಹಳಷ್ಟು ಒಳಗೇ ಉಳಿಯುತ್ತದೆ.

ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರುತ್ತೇನೆ. ನವನಗರ, ಉಣಕಲ್, ಹೊಸೂರು, ಎಲ್ಲ ಕಡೆ ಬ್ರೇಕ್. ಗಾಲಿಗೆ ಅಂಟದೇ ಉಳಿದದ್ದು ಗಾಳಿಗೇ ಹೋಗುತ್ತದೆ, ಅಲ್ವಾ? ನಿನ್ನೆ ಸಿಗ್ನಲ್ಲಿನಲ್ಲಿ ನನ್ನ ಪಕ್ಕ ಸ್ಕೂಟರ್ ಮೇಲೆ ಅಪ್ಪನ ಮುಂದೆ ನಿಂತಿದ್ದ ಕೂಸು ನೆನಪಾಯಿತು. ಅದರ ಮೂಗು ನನ್ನ ಗಾಲಿಯಿಂದ ಎರಡು ಮಾರು ದೂರವೂ ಇರಲಿಲ್ಲ.