ಬೆಳೆಯೋ ಕಾಲಿಗೆ ಒಂದು ನಂಬರ್ ದೊಡ್ಡ ಶೂ ಯಾಕೆ ಬೇಡ

ಮೇ ತಿಂಗಳ ಕೊನೆಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತರೂ ಅಷ್ಟೇ, ಧಾರವಾಡದ ಸುಭಾಸ್ ರೋಡಿನಲ್ಲಿ ನಿಂತರೂ ಅಷ್ಟೇ, ಶೂ ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: "ಬೆಳಿಯೋ ಕಾಲ್ರೀ, ಒಂದ್ ನಂಬರ್ ದೊಡ್ಡದ ಕೊಡ್ರಿ." ರೊಕ್ಕ ಉಳಿಯುತ್ತದೆ, ನಿಜ. ಆದರೆ ಶೂ ಜಾರಬಾರದೆಂದು ಮಗು ಬೆರಳು ಮಡಚಿ ಬಿಗಿಹಿಡಿದು ನಡೆಯುತ್ತದೆ, ಎಡವುತ್ತದೆ, ಹಿಮ್ಮಡ ತಿಕ್ಕಿ ಬೊಬ್ಬೆ ಏಳುತ್ತದೆ.

ಸಣ್ಣ ಶೂ ಇನ್ನೂ ಕೆಟ್ಟದ್ದು. ಕೂಸಿನ ಪಾದದಲ್ಲಿ ಗಟ್ಟಿ ಎಲುಬಿಗಿಂತ ಮೃದ್ವಸ್ಥಿಯೇ ಹೆಚ್ಚು. ಪಾದದ ಕಮಾನಿನ (ಅಂಗಾಲಿನ ಒಳಬದಿಯ ಬಾಗು) ನಡುವಿನ ದೋಣಿಯಾಕಾರದ ಎಲುಬು ಗಟ್ಟಿಯಾಗತೊಡಗುವುದೇ ಸುಮಾರು 3 ವರ್ಷದ ಹೊತ್ತಿಗೆ. ಇಂಥ ಮೆತ್ತನೆಯ ಪಾದ ಶೂ ಇದ್ದಷ್ಟಕ್ಕೆ ಮುದುಡಿಕೊಂಡುಬಿಡುತ್ತದೆ, ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. "ಬಿಗಿ ಆಗತೈತೇನು?" ಎಂದು ಕೇಳಿದರೆ ಹೊಸ ಶೂ ಆಸೆಗೆ ಮಗು ಇಲ್ಲವೆಂದೇ ಹೇಳುತ್ತದೆ. ಅದಕ್ಕೇ ಅಳತೆ ಬೇಕು.

ಅಳೆಯುವುದು ಸಂಜೆ, ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ. ಗೋಡೆಗೆ ತಾಗಿಸಿ ನೆಲದ ಮೇಲೆ ಹಾಳೆ ಹಾಕಿ, ಹಿಮ್ಮಡ ಗೋಡೆಗೆ ಮುಟ್ಟುವಂತೆ ಮಗುವನ್ನು ನಿಲ್ಲಿಸಿ. ಕೂಡಿಸಿ ಅಳೆದರೆ ತಪ್ಪು, ಮೈಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಎಲ್ಲಕ್ಕಿಂತ ಮುಂದಿರುವ ಬೆರಳಿಗೆ ಗುರುತು ಹಾಕಿ. ಕೆಲವು ಮಕ್ಕಳಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಎರಡೂ ಕಾಲು ಅಳೆದು ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ. ಅದಕ್ಕೆ 1 ಸೆಂ.ಮೀ. ಕೂಡಿಸಿ ರಟ್ಟಿನ ಪಟ್ಟಿ ಕತ್ತರಿಸಿ, ಅಂಗಡಿಗೆ ಒಯ್ದು ಶೂ ಒಳಗೆ ಹಾಕಿ ನೋಡಿ. ಪಾದ 14 ಇದ್ದರೆ ಪಟ್ಟಿ 15. ಪಟ್ಟಿ ಬಾಗಿದರೆ ಶೂ ಸಣ್ಣದು. ಹಾಕಿದ ಮೇಲೂ ಅರ್ಧ ಸೆಂ.ಮೀ.ಗಿಂತ ಹೆಚ್ಚು ಜಾಗ ಉಳಿದರೆ ದೊಡ್ಡದು. ನಂಬರ್ ನಂಬಬೇಡಿ. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಎಂದರೆ ಸುಮಾರು 8.5 ಮಿ.ಮೀ., ಯುರೋಪಿನದರಲ್ಲಿ 6.7. ಕಂಪನಿಯಿಂದ ಕಂಪನಿಗೂ ವ್ಯತ್ಯಾಸ ಇದ್ದೇ ಇರುತ್ತದೆ. 3 ವರ್ಷದವರೆಗೆ 2-3 ತಿಂಗಳಿಗೊಮ್ಮೆ, ಆಮೇಲೆ 4 ತಿಂಗಳಿಗೊಮ್ಮೆ ಅಳೆದರೆ ಸಾಕು.

ಶೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳಿನ ಬುಡ ಬರುವ ಕಡೆ ಸುಲಭವಾಗಿ ಮಡಚಬೇಕು. ನಟ್ಟನಡುವೆ ಮಡಚಿದರೆ ಆಧಾರ ಸಾಲದು, ಎಲ್ಲೂ ಮಡಚದಿದ್ದರೆ ಮಗು ಪಾದವನ್ನು ಎತ್ತಿ ಎತ್ತಿ ಇಡುತ್ತದೆ. ಹಿಮ್ಮಡದ ಭಾಗ ಒತ್ತಿದರೆ ಕುಸಿಯಬಾರದು. ಮುಂಭಾಗ ಅಗಲವಾಗಿರಲಿ, ವೆಲ್ಕ್ರೋ ಅಥವಾ ಲೇಸ್ ಇರಲಿ. ಬೇರೆ ಮಗು ಸವೆಸಿದ ಶೂ ದಿನಾ ಹಾಕಲು ಬೇಡ, ಅದರ ಸೋಲ್ ಆ ಮಗುವಿನ ನಡಿಗೆಗೆ ಸವೆದಿರುತ್ತದೆ.

ಆಗಷ್ಟೇ ಹೆಜ್ಜೆ ಇಡುವ ಮಗುವಿಗೆ ಮನೆಯೊಳಗೆ ಶೂ ಬೇಕಾಗಿಲ್ಲ. ಬರಿಗಾಲಲ್ಲೇ ಬೆರಳು ನೆಲ ಹಿಡಿಯುವುದನ್ನು ಕಲಿಯುತ್ತವೆ. ಜಾಲಿಮುಳ್ಳಿನ ದಾರಿ, ಏಪ್ರಿಲ್ ಬಿಸಿಲಿಗೆ ಕಾದ ಡಾಂಬರು, ಇವಕ್ಕೆ ಮಾತ್ರ ಕಾಲಿಗೆ ಏನಾದರೂ ಬೇಕೇ ಬೇಕು. ಧಾರವಾಡದ ಮಳೆಗೆ ತೊಯ್ದ ಶೂ ಒಲೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಪೇಪರ್ ತುರುಕಿ ಫ್ಯಾನ್ ಗಾಳಿಗಿಡಿ.

ಇನ್ನು ಸಪಾಟು ಪಾದ. ತೊಯ್ದ ಕಾಲಿನ ಗುರುತು ಫರ್ಸಿ ಮೇಲೆ ಪೂರ್ತಿ ಮೂಡಿದ್ದು ನೋಡಿ ಅನೇಕ ತಾಯಂದಿರು ಹೆದರುತ್ತಾರೆ. 2-3 ವರ್ಷದಲ್ಲಿ ಅದು ಸಹಜ, ಅಂಗಾಲಿನ ಕೊಬ್ಬು ಕಮಾನನ್ನು ಮುಚ್ಚಿರುತ್ತದೆ. 6 ವರ್ಷದ ಹೊತ್ತಿಗೆ ಹೆಚ್ಚಿನವರಲ್ಲಿ ಕಮಾನು ಕಾಣುತ್ತದೆ. ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ, ಆಗ ಕಮಾನು ಎದ್ದರೆ, ನೋವಿಲ್ಲದಿದ್ದರೆ, ಶೂ ಒಳಗೆ ಹಾಕುವ ದುಬಾರಿ ಮೆತ್ತೆ (ಇನ್‌ಸೋಲ್) ಬೇಡ, ಅದು ಕಮಾನು ಬೆಳೆಸುವುದಿಲ್ಲ. ತುದಿಗಾಲಲ್ಲೂ ಪಾದ ಸಪಾಟಾಗೇ ಉಳಿದರೆ, ಒಂದೇ ಕಾಲು ಹಾಗಿದ್ದರೆ, ಮಗು ಕುಂಟಿದರೆ, 3 ದಾಟಿದರೂ ತುದಿಗಾಲಲ್ಲೇ ನಡೆದರೆ ಮಾತ್ರ ಎಲುಬಿನ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಹಳೆಯ ಶೂ ಜೊತೆಗಿರಲಿ, ಸೋಲ್ ಯಾವ ಕಡೆ ಸವೆದಿದೆ ಎಂಬುದನ್ನು ಅವರು ನೋಡುತ್ತಾರೆ.