ಹಳೇ ರಿಜಿಸ್ಟರ್‌ಗಳ ಪಟ್ಟಿ: ವರ್ಗಾವಣೆಗೆ ಮುಂಚೆ ಎಲ್ಲಿಗೆ ಬಂತು

ಮೇ ಎರಡನೇ ವಾರ

ವರ್ಗಾವಣೆ ಪತ್ರ ಬಂತು. ಮಂಡ್ಯ ಸೀಮೆಯ ಈ ಕಬ್ಬಿನ ಊರಿನಿಂದ ಕೊಡಗಿಗೆ, ಕಾಫಿ ತೋಟಗಳ ನಡುವಿನ ಒಂದು ಧರ್ಮಕೇಂದ್ರಕ್ಕೆ (ಪ್ಯಾರಿಷ್), ಅಲ್ಲಿನ ಗುರುವಾಗಿ. ಎರಡೂ ಮೈಸೂರು ಧರ್ಮಕ್ಷೇತ್ರಕ್ಕೇ ಸೇರಿದವು, ಹಾಗಾಗಿ ಧರ್ಮಾಧ್ಯಕ್ಷರು (ಬಿಷಪ್) ಅವರೇ, ಮಳೆ ಮಾತ್ರ ಬೇರೆ. ಜೂನ್ ಮೊದಲ ವಾರದೊಳಗೆ ಅಲ್ಲಿ ಅಧಿಕಾರ ವಹಿಸಿಕೊಳ್ಳಬೇಕು.

ಇಲ್ಲಿನ ಕ್ಯಾಥೊಲಿಕ್ ಚರ್ಚಿನ ಹಳೇ ರಿಜಿಸ್ಟರ್‌ಗಳಿಗೆ ಹೆಸರಿನ ಪಟ್ಟಿ ಮಾಡುವ ಕೆಲಸ ಅರ್ಧದಲ್ಲಿದೆ. ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ಪುಸ್ತಕಗಳ ಫೋಟೊ ಪೂರ್ತಿ ಮುಗಿದಿದೆ. ಹೆಸರುಗಳ ಟೈಪಿಂಗ್ 1912ರವರೆಗೆ ಬಂದಿದೆ. ಮರಣದ ಪುಸ್ತಕ ಅರೆಬರೆ. ಮದುವೆ ಪುಸ್ತಕ ಮುಟ್ಟೇ ಇಲ್ಲ. ಎಲ್ಲ ಮುಗಿಸುತ್ತೇನೆ ಅನ್ನೋದು ಈಗ ಸುಮ್ನೆ ಮಾತು. ಮದುವೆ ಪುಸ್ತಕ ಕೈಬಿಟ್ಟು, ದೀಕ್ಷಾಸ್ನಾನದ್ದನ್ನು 1950ರವರೆಗೆ ತರುವುದು ಅಂತ ತೀರ್ಮಾನ ಮಾಡಿದೆ. ಜನ ಹುಡುಕಿಕೊಂಡು ಬರೋದು ಜಾಸ್ತಿ ಅಲ್ಲಿಗೇ.

ಕೆಲಸ ಮಾಡುವ ಕ್ರಮ ಬದಲಾಗಿಲ್ಲ. ಬೆಳಗಿನ ಪೂಜೆ ಮುಗಿದ ಮೇಲೆ ಗುರುಮನೆಯ ಪೂರ್ವದ ಕಿಟಕಿ ಪಕ್ಕ ಮೇಜು. ಫ್ಲ್ಯಾಶ್ ಇಲ್ಲ. ಪುಟದ ನಂಬರು ಪೆನ್ಸಿಲ್‌ನಲ್ಲಿ ಮಾತ್ರ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬಾರದು. ಯಾವುದೋ ಕಾಲದಲ್ಲಿ ಯಾರೋ ಅಂಟಿಸಿದ್ದು ಈಗ ಹಳದಿ ಕಲೆಯಾಗಿ ಎರಡು ಹೆಸರು ನುಂಗಿದೆ. ಆಗಿನ ಶಾಯಿಯೂ ಕಡಿಮೆಯದಲ್ಲ. ಅದರಲ್ಲಿ ಕಬ್ಬಿಣದ ಅಂಶ ಇರುತ್ತಿತ್ತು. ವರ್ಷ ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ. ಬರೆದ ಫ್ರೆಂಚ್ ಸ್ವಾಮಿಗಳು, ಅಂದರೆ ಆಗಿನ ಪಾದ್ರಿಗಳು, ಲೇಖನಿ ಒತ್ತಿ ಹಿಡಿದ ಕಡೆಯೆಲ್ಲ ಅಕ್ಷರದ ಆಕಾರದಲ್ಲೇ ತೂತು ಬಿದ್ದಿದೆ.

ಧರ್ಮಬೋಧನೆಗೆ ನೆರವಾಗುವ ನಮ್ಮ ಉಪದೇಶಿ ಮೊದಲ ಪುಸ್ತಕ ಕಂಡರೆ ಕೈ ಮುಗಿಯುತ್ತಾರೆ. "ಇದು ದೊಡ್ಡಸ್ವಾಮಿಯೋರ ಕೈಬರಹ ಫಾದರ್" ಅಂತ ಅವರ ವಾದ. ದೊಡ್ಡಸ್ವಾಮಿ ಅಂದರೆ ಅಬ್ಬೆ ದುಬಾಯ್, ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಮಿಷನರಿ ಗುರು. ಅವರು 1823ರಲ್ಲೇ ಫ್ರಾನ್ಸಿಗೆ ಹೊರಟುಹೋದರು. ಈ ಪುಸ್ತಕ ಶುರುವಾಗೋದು 1889ಕ್ಕೆ. ಹೇಳಿ ನೋಡಿದೆ. ಅವರು ನಕ್ಕು ಮತ್ತೆ ಕೈ ಮುಗಿದರು.

ಮೇ ಮೂರನೇ ವಾರ

ಟೈಪಿಂಗ್ 1926ಕ್ಕೆ ಬಂತು. ರಜೆಗೆ ಬಂದ ಒಬ್ಬ ಕಾಲೇಜು ಹುಡುಗಿ ಸಂಜೆ ಹೊತ್ತು ಕೂತು ಟೈಪ್ ಮಾಡುತ್ತಿದ್ದಾಳೆ. ಲ್ಯಾಟಿನ್ ಅವಳಿಗೆ ಗೊತ್ತಿಲ್ಲ, ಆದರೂ ಆ ಫ್ರೆಂಚ್ ಸ್ವಾಮಿಗಳ ಅಕ್ಷರ ನನಗಿಂತ ಬೇಗ ಓದುತ್ತಾಳೆ.

ಪಟ್ಟಿಗೆ ಒಂದು ಕಾಲಂ ಹೊಸದಾಗಿ ಸೇರಿಸಿದೆವು: ಮನೆಯಲ್ಲಿ ಕರೆಯುವ ಹೆಸರು. ಪುಸ್ತಕದಲ್ಲಿ ಪೆತ್ರುಸ್ ಅಂತಿದ್ದವನು ಊರಲ್ಲಿ ರಾಯಪ್ಪ. ಪಾವ್ಲುಸ್ ಚಿನ್ನಪ್ಪ, ಯೋವಾನ್ನೆಸ್ ಅರುಳಪ್ಪ, ಇಗ್ನಾಸಿಯುಸ್ ಇನ್ನಾಸಪ್ಪ. ಮೊಮ್ಮಗ ಬಂದು ರಾಯಪ್ಪ ಅಂತ ಹುಡುಕಿದರೆ ಲ್ಯಾಟಿನ್ ಪಟ್ಟಿಯಲ್ಲಿ ಏನು ಸಿಗುತ್ತೆ?

ಹೊಸ ಗುರುಗಳಿಗೆ ಅಂತ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಹೋಗಿದ್ದು ಅಂಚಿನ ಕಾಲಂಗೆ. ದೀಕ್ಷಾಸ್ನಾನದ ನಮೂದಿನ ಪಕ್ಕ ಉದ್ದಕ್ಕೆ ಒಂದು ಖಾಲಿ ಪಟ್ಟಿ ಇರುತ್ತಲ್ಲ, ಅದು. 1908ಕ್ಕೆ ಮುಂಚೆ ಮದುವೆಯಾದವರ ನಮೂದಿನ ಪಕ್ಕ ಅದು ಹೆಚ್ಚುಕಮ್ಮಿ ಖಾಲಿ. ಆಮೇಲೆ ಮದುವೆಯಾದವರ ಪಕ್ಕ ಬೇರೆ ಬೇರೆ ಶಾಯಿ, ಬೇರೆ ಬೇರೆ ಕೈ. ಕಾರಣ ಇದೆ. 1907ರಲ್ಲಿ ರೋಮ್ 'ನೆ ತೆಮೆರೆ' ಅನ್ನೋ ಆದೇಶ ಹೊರಡಿಸಿತು, ಮುಂದಿನ ವರ್ಷದ ಈಸ್ಟರ್‌ನಿಂದ ಅದು ಜಾರಿಗೆ ಬಂತು. ಯಾರಾದರೂ ಮದುವೆಯಾದರೆ ಅದನ್ನು ಮದುವೆ ಪುಸ್ತಕದಲ್ಲಿ ಬರೆದರೆ ಸಾಲದು, ಅವರ ದೀಕ್ಷಾಸ್ನಾನ ಎಲ್ಲಿ ಆಗಿತ್ತೋ ಅಲ್ಲಿನ ಪುಸ್ತಕದಲ್ಲೂ ಬರೆಸಬೇಕು. ಈಗಿನ ಧರ್ಮಸಭೆಯ ಕಾನೂನಿನ 535ನೇ ವಿಧಿಯೂ ಇದನ್ನೇ ಹೇಳುತ್ತದೆ. ದೃಢೀಕರಣ ಸಂಸ್ಕಾರ, ಮದುವೆ, ದತ್ತು, ಗುರುದೀಕ್ಷೆ, ಎಲ್ಲ ಆ ಅಂಚಿಗೆ ಬರಬೇಕು.

ನನ್ನ ಕೇಳಿದರೆ ಇಡೀ ಕಚೇರಿಯಲ್ಲಿ ಬೆಲೆಬಾಳುವ ಜಾಗ ಅದೇ. ಮದುವೆ ಮಾಡಿಸಿದ ಕಡೆಯಿಂದ ಬರುವ ಸೂಚನಾ ಪತ್ರವನ್ನು ಫೈಲಿಗೆ ಹಾಕಿ ಸುಮ್ಮನಾದರೆ ಮುಗೀತು, ಕಾಗದದ ಮೇಲೆ ಆ ಮನುಷ್ಯ ಜೀವನಪೂರ್ತಿ ಬ್ರಹ್ಮಚಾರಿ. ಡ್ರಾಯರ್‌ನಲ್ಲಿ ಹಾಗೇ ಉಳಿದಿದ್ದ ಒಂದು ಕಟ್ಟು ಸಿಕ್ಕಿತು, ನನಗಿಂತ ತುಂಬಾ ಹಿಂದಿನದು. ಈ ವಾರ ರಾತ್ರಿ ಕೂತು ಒಂದೊಂದನ್ನೂ ಅದರದರ ಪುಟಕ್ಕೆ ಇಳಿಸಿದೆ. ಟೈಪಿಂಗ್ ನಿಧಾನವಾಗಿದ್ದು ಇದಕ್ಕೇ.

ಮರಣದ ಪುಸ್ತಕವನ್ನು ಬಿಟ್ಟ ಕಡೆಗೇ ನಿಲ್ಲಿಸಿದ್ದೇನೆ. 1918ರ ಇನ್‌ಫ್ಲುಯೆಂಜಾ ತಿಂಗಳುಗಳಲ್ಲಿ ಜಾಗ ಸಾಲದೆ ಒಂದೇ ಗೆರೆಯೊಳಗೆ ಎರಡೆರಡು ಹೆಸರು ಬರೆದಿದ್ದಾರೆ. ಆತುರದಲ್ಲಿ ಓದುವ ಪುಟಗಳಲ್ಲ. ಹೊಸ ಗುರುಗಳು ಬಿಡುವು ಮಾಡಿಕೊಂಡು ಮುಂದುವರಿಸಲಿ.

ಮೇ ಕೊನೆ

ಪಟ್ಟಿಗೆ ಮೊದಲ ಪರೀಕ್ಷೆ ಆಯಿತು. ಎಂಬತ್ತು ದಾಟಿದ ಒಬ್ಬ ಅಜ್ಜಿ ಮಗನ ಬೈಕಿನಲ್ಲಿ ಬಂದರು.

"ನೀವು ಒಂಟೋಯ್ತೀರಂತೆ ಸ್ವಾಮಿ. ಅದ್ಕೆ ಮುಂಚೆ ನಮ್ಮಪ್ಪಂದು ಒಂದು ನೋಡ್ಬುಡಿ."

"ಹೆಸರೇನಮ್ಮ?"

"ಯಾಗಪ್ಪ."

"ಹುಟ್ಟಿದ ವರ್ಷ?"

"ಅದ್ಯಾರು ಬರೆದಿಟ್ಟಿದ್ರು ಸ್ವಾಮಿ? ಕನ್ನಂಬಾಡಿ ಕಟ್ಟೆ ಕಟ್ಟೋಕೆ ಸುರು ಮಾಡ್ದಾಗ ನಮ್ಮಪ್ಪ ಕೈಕೂಸಂತೆ."

ಕಟ್ಟೆ ಕೆಲಸ ಶುರುವಾಗಿದ್ದು 1911ರಲ್ಲಿ. ಯಾಗಪ್ಪ ಅಂದರೆ ಯಾಕೋಬುಸ್. ಆ ವರ್ಷದ ಆಸುಪಾಸಿನಲ್ಲಿ ಮೂವರು ಸಿಕ್ಕರು. ತಾಯಿ ಹೆಸರು ಕೇಳಿದ ಮೇಲೆ ಒಬ್ಬರೇ ಉಳಿದರು. ಪುಸ್ತಕ ತೆಗೆದು ತೋರಿಸಿದೆ. ಅಂಚಿನಲ್ಲಿ ನೀಲಿ ಶಾಯಿಯಲ್ಲಿ 1934ರ ಮದುವೆ, ಹೆಂಡತಿಯ ಹೆಸರು, ಪಕ್ಕದ ಧರ್ಮಕೇಂದ್ರದ ಹೆಸರು. ಅಜ್ಜಿಗೆ ಓದೋಕೆ ಬರಲ್ಲ. ತಾಯಿ ಹೆಸರು ಎಲ್ಲಿದೆ ಅಂತ ಕೇಳಿ, ಅಲ್ಲಿ ಬೆರಳಿಟ್ಟರು. ಶಾಯಿ ಮುಟ್ಟಬೇಡಿ ಅನ್ನಬೇಕಿತ್ತು, ಅನ್ನಲಿಲ್ಲ.

ಪಟ್ಟಿಯನ್ನು ಇಂಟರ್ನೆಟ್‌ಗೆ ಹಾಕಿ ಅಂತ ಯುವಕ ಸಂಘದವರು ಹೇಳುತ್ತಿದ್ದಾರೆ. ಹಾಕಲ್ಲ. ಈ ಪುಸ್ತಕಗಳು ಹೊರಗಿನವರ ಕೈಗೆ ಹೋಗದಂತೆ ನೋಡಿಕೊಳ್ಳೋದು ವಿಚಾರಣಾ ಗುರುವಿನ, ಅಂದರೆ ಧರ್ಮಕೇಂದ್ರ ನೋಡಿಕೊಳ್ಳುವ ಗುರುವಿನ, ಹೊಣೆ. ದತ್ತು ಮಕ್ಕಳ ವಿಷಯ ಇದೆ, ತಂದೆಯ ಹೆಸರಿಲ್ಲದ ಮಕ್ಕಳಿದ್ದಾರೆ. ಒಂದು ಪೆನ್‌ಡ್ರೈವ್ ಕಚೇರಿಯ ಬೀರುವಿನಲ್ಲಿ, ಒಂದು ಧರ್ಮಾಧ್ಯಕ್ಷರ ಕಚೇರಿಗೆ. ಅಷ್ಟೇ.

ಉಳಿದ ಗಂಟುಮೂಟೆ ಬೇಗ ಆಯಿತು. ಅಧಿಕಾರ ಕೊಡುವಾಗ ದಾಸ್ತಾನು ಪಟ್ಟಿ ಇರಬೇಕು, ಅದಕ್ಕೆ ಪಾಲನಾ ಪರಿಷತ್ತಿನ ಕಾರ್ಯದರ್ಶಿ ಜೊತೆ ಬಟ್ಟಲು, ಕ್ಯಾಂಡಲ್ ಸ್ಟ್ಯಾಂಡು, ತೇರಿನ ಬಲ್ಬಿನ ಸರ ಎಲ್ಲ ಎಣಿಸಿದೆವು. ಫ್ರಿಜ್ ವಿಷಯಕ್ಕೆ ಚರ್ಚೆ ಎದ್ದಿತು. ಅದನ್ನು ಕೊಟ್ಟ ಮನೆಯವರು "ಫಾದರ್‌ಗೇ ಅಂತ ಕೊಟ್ಟಿದ್ದು, ತಗೊಂಡು ಹೋಗಿ" ಅಂತಾರೆ. ಬೇರೆ ಆಧಾರ ಇಲ್ಲದಿದ್ದರೆ ವಿಚಾರಣಾ ಗುರುವಿನ ಕೈಗೆ ಕೊಟ್ಟಿದ್ದು ಧರ್ಮಕೇಂದ್ರಕ್ಕೆ ಕೊಟ್ಟಂತೆ ಅನ್ನೋದು ಧರ್ಮಸಭೆಯ ಕಾನೂನಿನ 1267ನೇ ವಿಧಿ. ಇಲ್ಲಿ ಆಧಾರವಾಗಿ ಅವರ ಬಾಯಿಮಾತೇ ಇದೆಯಲ್ಲ ಅಂತ ಕಾರ್ಯದರ್ಶಿ ವಕೀಲರ ಹಾಗೆ ವಾದ ಮಾಡಿದರು. ಕೊಡಗಿನ ಮಳೆಗಾಲದಲ್ಲಿ ಫ್ರಿಜ್ ಯಾರಿಗೆ ಬೇಕು ಅಂದೆ. ಇಲ್ಲೇ ಉಳಿಯಿತು.

ಪೂಜಾ ಕೋರಿಕೆಗಳ ಪುಸ್ತಕ ಮಾತ್ರ ಎರಡು ಸಲ ನೋಡಿದೆ. ನವೆಂಬರ್ 2ರ ಮೃತರ ಸ್ಮರಣೆಗೆ ಈಗಲೇ ಹಣ ಕೊಟ್ಟು ಹೆಸರು ಬರೆಸಿದವರಿದ್ದಾರೆ. ಆ ಹಣವನ್ನು ಲಕೋಟೆಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಪುಸ್ತಕದ ಜೊತೆಗೇ ಒಪ್ಪಿಸಬೇಕು. ಅದು ನನ್ನ ದುಡ್ಡಲ್ಲ, ಇನ್ನೂ ಅರ್ಪಿಸದ ಪೂಜೆಯ ದುಡ್ಡು.

ಜೂನ್ ಶುರು

1943ಕ್ಕೆ ನಿಂತಿತು. ಉಳಿದ ಏಳು ವರ್ಷ ಟೈಪ್ ಮಾಡಲು ಆ ಹುಡುಗಿ ಒಪ್ಪಿದ್ದಾಳೆ. ಉಪದೇಶಿಯ ಎದುರಿಗೇ ಕೂರಬೇಕು, ಪುಸ್ತಕ ಮನೆಗೆ ಹೋಗಬಾರದು ಅಂತ ಟಿಪ್ಪಣಿಯಲ್ಲಿ ಬರೆದಿದ್ದೇನೆ. ಬೀಳ್ಕೊಡುಗೆಗೆ ಶಾಲು ಬೇಡ ಅಂದಿದ್ದೆ. ಶಾಲುಗಳೇ ಬಂದವು.

ಕೊಡಗಿನಲ್ಲಿ ಈಗಿರುವ ಗುರುಗಳಿಗೆ ಫೋನ್ ಮಾಡಿ ರಿಜಿಸ್ಟರ್‌ಗಳು ಎಲ್ಲಿವೆ ಅಂತ ಕೇಳಿದೆ. ಕಬ್ಬಿಣದ ಬೀರು, ಅದು ಪಶ್ಚಿಮದ ಗೋಡೆಗೆ ತಾಗಿಕೊಂಡೇ ಇದೆ, ಮಳೆಗಾಲದಲ್ಲಿ ಆ ಗೋಡೆ ಒದ್ದೆ ಅಂದರು. ಹೋಗುವವರೆಗೆ ಕಾಯಬೇಡಿ, ಇವತ್ತೇ ಅದನ್ನು ಒಳಗಿನ ಗೋಡೆಗೆ ಸರಿಸಿ, ಕೆಳಗೆ ನಾಲ್ಕು ಇಟ್ಟಿಗೆ ಕೊಡಿ ಅಂದೆ. ತೋಟದ ಇಬ್ಬರು ಹುಡುಗರನ್ನು ಕರೆಸುತ್ತೇನೆ ಅಂದಿದ್ದಾರೆ. ಪೆನ್ಸಿಲ್, ಫೋನ್ ಸ್ಟ್ಯಾಂಡ್ ಮತ್ತು ಮೈಸೂರಿನಿಂದ ತಂದ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದೇನೆ.